ಅವರು ತುಂಬಿಟ್ಟಿದ್ದ ಎರಡು ಚಕ್ರಗಳು

ನಮ್ಮ ಯಜಮಾನರು ತೀರಿಕೊಳ್ಳುವುದಕ್ಕೆ ಎರಡು ದಿನ ಮೊದಲು ಒಂದು ರೇಸ್ ಬೈಕಿನ ಎರಡು ಚಕ್ರಗಳಿಗೆ ನೈಟ್ರೋಜನ್ ತುಂಬಿ ಅಂಗಡಿಯ ಒಳಗೋಡೆಯ ಕೊಕ್ಕೆಗೆ ನೇತುಹಾಕಿದ್ದರು. ಮುಂದಿನ ಚಕ್ರದ ಟೈರಿನ ಮೇಲೆ ಸೀಮೆಸುಣ್ಣದಲ್ಲಿ ೨೬ ಎಂದೂ ಹಿಂದಿನದರ ಮೇಲೆ ೨೮ ಎಂದೂ ಬರೆದಿದ್ದರು. ಎಂಟು ತಿಂಗಳು ನಾನು ಅವುಗಳ ಧೂಳು ಒರೆಸಿದೆ. ಅಂಕಿಗಳನ್ನು ಬಿಟ್ಟು ಸುತ್ತಲೂ ಒರೆಸಿದೆ. ಒತ್ತಡ ಅಳೆಯುವ ಗೇಜ್ ಮಾತ್ರ ಹಚ್ಚಲಿಲ್ಲ. ಗೇಜ್ ಹಚ್ಚಿದಾಗಲೆಲ್ಲ ಚುಸ್ ಎಂದು ಸ್ವಲ್ಪ ಹೊರಗೆ ಹೋಗುತ್ತದೆ. ಒಳಗೆ ಎಷ್ಟಿದೆ ಎಂದು ತಿಳಿಯಬೇಕಾದರೆ ಸ್ವಲ್ಪ ಕಳೆದುಕೊಳ್ಳಲೇಬೇಕು.

ಶಿವಮೊಗ್ಗದ ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ತಿಥಿ ಮುಗಿದ ಮೇಲೆ ನಾನೇ ಶಟರ್ ಎತ್ತಿದೆ. ಪಂಕ್ಚರ್, ಟೈರ್ ಬದಲಾವಣೆ, ಗಾಳಿ, ಇಷ್ಟು ನನಗೆ ಬರುತ್ತಿತ್ತು. ಟೈರ್ ಹಾಕಲು ಇಬ್ಬರು ಬೇಕು. ಒಬ್ಬರು ಒಂದು ಬದಿಯನ್ನು ಕಾಲಿನಿಂದ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಎದುರು ಬದಿಯಿಂದ ಲಿವರ್ ಹಾಕಿ ಅಂಚನ್ನು ರಿಮ್ಮಿನೊಳಗೆ ಇಳಿಸಬೇಕು. ಮೊದಲು ಒತ್ತುವ ಕಾಲು ನನ್ನದು, ಲಿವರ್ ಅವರದು. ಈಗ ಗೋಣಿಚೀಲ ಸುತ್ತಿದ ಒಂದು ಕಲ್ಲು ತಂದಿಟ್ಟುಕೊಂಡೆ. ನನ್ನ ಜಾಗಕ್ಕೆ ಕಲ್ಲು ಬಂತು, ಅವರ ಜಾಗಕ್ಕೆ ನಾನು.

ಬೇಸಿಗೆಯ ಒಂದು ಮಂಗಳವಾರ ಆ ಚಕ್ರಗಳ ರೈಡರ್ ಬಂದ. ನವುಲೆಯ ಕಡೆ ಕೃಷಿ ಕಾಲೇಜಿನ ಲ್ಯಾಬಿನಲ್ಲಿ ಮಣ್ಣು ಪರೀಕ್ಷೆ ಮಾಡುವ ಕೆಲಸ ಅವನದು. ಮೂವತ್ತು ದಾಟಿದೆ, ಭಾನುವಾರ ಮಾತ್ರ ರೇಸ್. ಬೇರೆ ಎರಡು ರಿಮ್, ಎರಡು ಹೊಸ ಟೈರ್ ತಂದಿದ್ದ. ಅವನ ಕಣ್ಣು ಒಮ್ಮೆ ಗೋಡೆಯ ಕೊಕ್ಕೆಗಳ ಕಡೆ ಹೋಗಿ ಕೆಳಗಿಳಿಯಿತು. ಅವು ತನ್ನವೇ ಆದರೂ ಕೇಳಲಿಲ್ಲ.

"ಅಕ್ಕ, ಇನ್ನು ಮೂರು ವಾರಕ್ಕೆ ಭದ್ರಾವತೀಲಿ ರೇಸಿದೆ. ಅಣ್ಣ ಮಾಡ್ತಿದ್ದ ಹಾಗೆ ಮಾಡ್ಕೊಡ್ತೀರಾ?"

"ನಾನು ನೋಡಿದೀನಿ ಅಷ್ಟೆ ಕಣಪ್ಪ. ಮಾಡಿಲ್ಲ."

"ನೋಡಿರೋರು ನೀವೊಬ್ರೇ ಅಕ್ಕ."

ಹಾಗೆಂದ ಮೇಲೆ ಇಲ್ಲ ಎನ್ನಲು ಆಗಲಿಲ್ಲ.

ರಸ್ತೆಯ ಬೈಕಿಗೆ ಯಾವ ಗಾಳಿಯಾದರೂ ನಡೆಯುತ್ತದೆ. ರೇಸಿನ ಟೈರಿಗೆ ಒಳಗೆ ಟ್ಯೂಬ್ ಇರುವುದಿಲ್ಲ, ಓಡುವಾಗ ಅದು ಕೈ ಇಡಲಾಗದಷ್ಟು ಕಾಯುತ್ತದೆ. ಕಾದಂತೆ ಒಳಗಿನ ಒತ್ತಡ ಏರುತ್ತದೆ, ನಾವು ಅದನ್ನು ಪಾಯಿಂಟಿನಲ್ಲಿ ಲೆಕ್ಕ ಹಾಕುತ್ತೇವೆ. ಹೆಚ್ಚು ಏರಿದರೆ ಟೈರ್ ನಡುವೆ ಉಬ್ಬಿಕೊಂಡು ನೆಲಕ್ಕೆ ಅಂಟುವ ಜಾಗ ಕಡಿಮೆಯಾಗುತ್ತದೆ, ತಿರುವಿನಲ್ಲಿ ಜಾರುತ್ತದೆ. ಕಂಪ್ರೆಸರಿನ ಗಾಳಿಯಲ್ಲಿ ತೇವ ಇರುವುದರಿಂದ ಅದು ಒಂದು ದಿನ ಇಷ್ಟು, ಇನ್ನೊಂದು ದಿನ ಅಷ್ಟು ಏರುತ್ತದೆ. ಸಿಲಿಂಡರಿನ ನೈಟ್ರೋಜನ್ ಒಣಗಿರುತ್ತದೆ. ಅದೂ ಏರುತ್ತದೆ, ಆದರೆ ಎಷ್ಟು ಏರುತ್ತದೆಂದು ಮೊದಲೇ ಹೇಳಬಹುದು. ಯಜಮಾನರ ನೋಟ್‌ಬುಕ್ಕಿನಲ್ಲಿ ಪುಟ ತಿರುವಿದಲ್ಲೆಲ್ಲ ಒಂದೇ ಸಾಲು: ಹಿಂದೆ ತಣ್ಣಗೆ ೨೮, ಬಿಸಿ ೩೩. ಹೇಗೆ ಮಾಡಬೇಕೆಂದು ಎಲ್ಲಿಯೂ ಬರೆದಿರಲಿಲ್ಲ. ಅವರಿಗೆ ಗೊತ್ತಿದ್ದದ್ದನ್ನು ಅವರು ಯಾರಿಗಾಗಿ ಬರೆಯಬೇಕಿತ್ತು?

ನೋಡಿದ್ದನ್ನೆಲ್ಲ ನೆನಪು ಮಾಡಿಕೊಂಡೆ. ಮೊದಲು ನನ್ನ ಕೆಲಸ. ಟೈರಿನ ಅಂಚು ಜಾರಿ ರಿಮ್ಮಿಗೆ ಹತ್ತಲು ಎಲ್ಲ ಅಂಗಡಿಗಳಲ್ಲೂ ಸೋಪಿನ ನೀರು ಬಳಿಯುತ್ತಾರೆ. ನಮ್ಮಲ್ಲಿ ಮಾತ್ರ ಅಂಟುವಾಳದ ನೀರು. ಮದುವೆಯಾದ ವರ್ಷ ಸೋಪಿನ ಪುಡಿಯಿಂದ ಅವರ ಅಂಗೈ ಒಡೆದು ರಕ್ತ ಬರುತ್ತಿತ್ತು. ನಾನು ಅಂಟುವಾಳದ ಕಾಯಿ ನೆನೆಹಾಕಿ, ಕಿವುಚಿ, ಸೋಸಿ ಕೊಟ್ಟೆ. ತಿಂಗಳೊಳಗೆ ಕೈ ವಾಸಿಯಾಯಿತು, ರಿಮ್ಮಿನ ತುಕ್ಕೂ ಕಡಿಮೆಯಾಯಿತು. ಅಂದಿನಿಂದ ಅದು ನನ್ನ ಪಾಲಿನ ಕೆಲಸ. ಬಂದವರಿಗೆಲ್ಲ ಅವರು, "ಇದು ನಮ್ಮ ಮನೆ ಫಾರ್ಮುಲಾ ಕಣ್ರಿ, ಬೇರೆ ಕಡೆ ಸಿಗಲ್ಲ" ಎನ್ನುತ್ತಿದ್ದರು.

ಟೈರಿನ ಒಂದು ಬದಿ ಹತ್ತಿದ ಮೇಲೆ ಇನ್ನೊಂದು ಬದಿಗೆ ನೀರು ಬಳಿದು ಏರಿಸಬೇಕು. ರೇಸಿನ ಟೈರಾದರೆ ನಾನು ನೀರು ಬಳಿದು ಮುಗಿಸುವ ಹೊತ್ತಿಗೇ ಸರಿಯಾಗಿ ಅವರಿಗೆ ಕಾಫಿ ಬೇಕಾಗುತ್ತಿತ್ತು. "ಕಾಫಿ ಆಗುತ್ತೇನೆ ಮಾರಾಯ್ತಿ?" ಎನ್ನುವರು. ನಾನು ಕಾಫಿ ತರುವಷ್ಟರಲ್ಲಿ ಅವರೊಬ್ಬರೇ ಇನ್ನೊಂದು ಬದಿ ಏರಿಸಿ ಮುಗಿಸಿ, ತರಚಿದ ಬೆರಳಿನ ಗಿಣ್ಣು ಊದಿಕೊಳ್ಳುತ್ತ ಕೂತಿರುವರು. "ಇನ್ನೊಂಚೂರು ನೀರು ಜಾಸ್ತಿ ಬಳಿದಿದ್ರೆ ಕೈ ತರಚ್ತಿತ್ತಾ?" ಎಂದು ನಾನು ಬೈಯುತ್ತಿದ್ದೆ. ಅವರು ಕಾಫಿ ಕುಡಿಯುತ್ತಿದ್ದರು.

ಆಮೇಲೆ ಸಿಲಿಂಡರ್. ರೆಗ್ಯುಲೇಟರ್ ತಿರುಗಿಸಿ ಒತ್ತಡ ಇಳಿಸಿಕೊಂಡು, ಪೈಪಿನಲ್ಲಿ ಟೈರಿಗೆ ನಲವತ್ತು ಪಾಯಿಂಟ್ ತುಂಬಬೇಕು. ವಾಲ್ವಿನ ಪಿನ್ ಬಿಚ್ಚಿ ಪೂರ್ತಿ ಬಿಡಬೇಕು. ಮತ್ತೆ ತುಂಬಬೇಕು, ಮತ್ತೆ ಬಿಡಬೇಕು. ಹೀಗೆ ಮೂರು ಸಲ ಮಾಡಿದರೆ ಒಳಗಿದ್ದ ಮಾಮೂಲಿ ಗಾಳಿ ಹೋಗಿ ನೈಟ್ರೋಜನ್ ಮಾತ್ರ ಉಳಿಯುತ್ತದೆ. ಕೊನೆಗೆ ನೆರಳಿನಲ್ಲಿ, ಟೈರ್ ತಣ್ಣಗಿರುವಾಗ, ಮುಂದೆ ಇಪ್ಪತ್ತಾರು, ಹಿಂದೆ ಇಪ್ಪತ್ತೆಂಟು.

ಸಿಲಿಂಡರ್ ಖಾಲಿಯಾಗಿತ್ತು. ಭದ್ರಾವತಿಯ ಗ್ಯಾಸ್ ಅಂಗಡಿಯಿಂದ ತುಂಬಿದ್ದನ್ನು ತಂದುಕೊಟ್ಟವರು ಮೇಸ್ತ್ರಿ. ಅಲ್ಲಿನ ಓಲ್ಡ್ ಟೌನಿನವರು, ಕಾರ್ಖಾನೆಯಲ್ಲಿ ಫಿಟರ್ ಆಗಿ ರಿಟೈರ್ ಆದವರು, ರೈಡರನ ಬೈಕಿನ ಎಂಜಿನ್ ಅವರ ಕೈಯಲ್ಲಿ. ಯಜಮಾನರಿಗೆ ಹಳೆಯ ಸ್ನೇಹಿತರು. ನನ್ನನ್ನು ತಂಗಿ ಎನ್ನುತ್ತಾರೆ. ಸಿಲಿಂಡರನ್ನು ಟೆಂಪೋದಿಂದ ಉರುಳಿಸುತ್ತ ರೈಡರನಿಗೆ ಹೇಳಿದರು, "ನಿಮ್ ಕಾಲೇಜಲ್ಲೇ ದನಕ್ಕೆ ಸೂಜಿ ಹಾಕೋ ಹೋರಿ ಬೀಜ ಇಡೋ ಕ್ಯಾನ್ ತುಂಬ ನೈಟ್ರೋಜನ್ ಇರುತ್ತಂತಲ್ಲಯ್ಯಾ, ಒಂದು ಚೊಂಬು ತರಬಾರ್ದಾ?"

"ಅದು ದನದ ಡಾಕ್ಟ್ರ ಹತ್ರ ಇರೋದು ಮೇಸ್ತ್ರಿ. ನಂದು ಬರೀ ಮಣ್ಣು."

"ಒಳ್ಳೇದೇ ಆಯ್ತು ಬಿಡು. ಟೈರೊಳಗೆ ಕರು ಹುಟ್ಟಿದ್ರೆ ಕಷ್ಟ."

ಅಂಗಡಿಯಲ್ಲಿ ಎಂಟು ತಿಂಗಳಿಂದ ಯಾರೂ ನಕ್ಕಿರಲಿಲ್ಲ. ಅವರಿಬ್ಬರೂ ನಕ್ಕು, ನನ್ನ ಮುಖ ನೋಡಿ ನಿಲ್ಲಿಸಿದರು. ನಿಲ್ಲಿಸಬೇಕಾಗಿರಲಿಲ್ಲ.

ಭದ್ರಾವತಿಯಲ್ಲಿ ಹಿಂದೆ ಲಾರಿಗಳು ಸರದಿ ನಿಲ್ಲುತ್ತಿದ್ದ ಒಂದು ದೊಡ್ಡ ಕಾಂಕ್ರೀಟ್ ಯಾರ್ಡ್ ಇದೆ. ಈಗ ಅಲ್ಲಿ ಲಾರಿ ಬರುವುದಿಲ್ಲ. ಮರಳಿನ ಚೀಲ ಸಾಲಾಗಿಟ್ಟು ಟ್ರ್ಯಾಕ್ ಮಾಡಿಕೊಂಡಿದ್ದಾರೆ. ಯಜಮಾನರು ಇದ್ದಾಗ ನಾನು ಒಮ್ಮೆಯೂ ಹೋಗಿರಲಿಲ್ಲ. ಈ ಸಲ ಹೋಗಲೇಬೇಕಿತ್ತು, ಬೈಕ್ ನಿಂತ ತಕ್ಷಣ, ಟೈರ್ ಆರುವ ಮೊದಲೇ, ಗೇಜ್ ಹಚ್ಚಬೇಕು. ಮೊದಲ ಭಾನುವಾರದ ಪ್ರಾಕ್ಟೀಸಿಗೆ ಬೆಳಿಗ್ಗೆಯೇ ಟೆಂಪೋದಲ್ಲಿ ಮೇಸ್ತ್ರಿಯ ಪಕ್ಕ ಕೂತೆ. ಅದು ಅವರು ಕೂರುತ್ತಿದ್ದ ಸೀಟು. ಬಾಗಿಲಿನ ಗಾಜು ಇಳಿಸುವ ಹಿಡಿ ಸಡಿಲವಾಗಿತ್ತು, ಅದಕ್ಕೆ ಟ್ಯೂಬಿನ ರಬ್ಬರ್ ತುಂಡು ಸುತ್ತಿತ್ತು. ಗಂಟು ಅವರ ಕೈಯದು.

ಏಳನೆಯ ಸುತ್ತಿನಲ್ಲಿ ರೈಡರ್ ಜಾರಿದ. ಎಡ ತಿರುವಿನಲ್ಲಿ ಹಿಂದಿನ ಚಕ್ರ ಹೊರಕ್ಕೆ ಸರಿಯಿತು, ಬೈಕ್ ಮಲಗಿತು, ಅವನು ಮರಳಿನ ಚೀಲದವರೆಗೆ ಉಜ್ಜಿಕೊಂಡು ಹೋದ. ಎದ್ದು ನಿಂತ. ತೋಳಿನ ಬಟ್ಟೆ ಹರಿದು ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಎದ್ದಿತ್ತು. ನಾನು ಅವನ ಹತ್ತಿರ ಹೋಗುವ ಮೊದಲು ಹಿಂದಿನ ಚಕ್ರದ ಹತ್ತಿರ ಹೋದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಡೆದದ್ದು ಹಾಗೆ. ಗೇಜ್ ಮೂವತ್ತಾರು ತೋರಿಸಿತು.

"ಮೂವತ್ಮೂರು ಬರ್ಬೇಕಿತ್ತು" ಎಂದೆ.

"ನಂಗೊತ್ತು ಅಕ್ಕ" ಎಂದ ರೈಡರ್, ಗಾಯಕ್ಕೆ ಬಾಟಲಿಯ ನೀರು ಸುರಿದುಕೊಳ್ಳುತ್ತ. "ಎರಡು ಸುತ್ತಿಂದ ಹಿಂದಿನದು ಕಾಲಡಿ ಗೋಲಿ ಇಟ್ಟಂಗೆ ಆಗ್ತಿತ್ತು."

ಮೊದಲು ಗೇಜ್ ಮೇಲೆ ಸಂಶಯ ಬಂತು. ಮೇಸ್ತ್ರಿಯ ಗೇಜ್ ಜೊತೆ ಇಟ್ಟು ನೋಡಿದೆ, ಎರಡೂ ಒಂದೇ ಹೇಳಿದವು. ಆಮೇಲೆ ಗ್ಯಾಸ್ ಮೇಲೆ. ಸೋಮವಾರ ಅಂಗಡಿ ಮುಚ್ಚಿ ಬಸ್ಸಿನಲ್ಲಿ ಭದ್ರಾವತಿಗೆ ಹೋದೆ. ಗ್ಯಾಸ್ ಅಂಗಡಿಯವರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು.

"ನೈಟ್ರೋಜನ್‌ನಲ್ಲಿ ನೀರು ಬೆರೆಸಿ ಮಾರೋಕೆ ಅದೇನು ಹಾಲೇನಮ್ಮಾ?"

"ಹಾಗಲ್ಲ ಸಾರ್. ಬೇರೆ ಸಿಲಿಂಡರ್ ಕೊಟ್ಟು ನೋಡಿ ಅಂತ."

"ಇಪ್ಪತ್ತು ವರ್ಷದಿಂದ ನಿಮ್ಮ ಯಜಮಾನ್ರು ಇಲ್ಲೇ ತಗೊಂಡಿದ್ದು. ಒಂದು ದಿನಾನೂ ಕಂಪ್ಲೇಂಟ್ ಹೇಳಿಲ್ಲ ಪುಣ್ಯಾತ್ಮ." ಹಾಗೆ ಬೈದರೂ ಸಿಲಿಂಡರ್ ಬದಲಾಯಿಸಿಕೊಟ್ಟರು. ನಾನು ಹೊರಡುವಾಗ ಎದ್ದು ನಿಂತು, "ಅವರ ವಿಷ್ಯ ತಡವಾಗಿ ಗೊತ್ತಾಯ್ತಮ್ಮ" ಎಂದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಶಿವಮೊಗ್ಗ ಬರುವವರೆಗೂ ಪಕ್ಕದಲ್ಲಿ ಯಾರೂ ಕೂರಲಿಲ್ಲ.

ಆ ವಾರ ಎರಡೂ ಟೈರ್ ಬಿಚ್ಚಿ ಹೊಸದಾಗಿ ಹಾಕಿದೆ. ಈ ಸಲ ಯಾವುದಕ್ಕೂ ಕೊರತೆ ಮಾಡಬಾರದೆಂದು ಅಂಟುವಾಳವನ್ನು ಎರಡು ದಿನ ಮೊದಲೇ ನೆನೆಹಾಕಿ, ಗಟ್ಟಿಯಾಗಿ ಕಿವುಚಿ, ಬ್ರಷ್ಷಿನಲ್ಲಿ ಧಾರಾಳವಾಗಿ ಬಳಿದೆ. ಅಂಚು ಸಲೀಸಾಗಿ ಕೂತಿತು. ನನ್ನ ಗಿಣ್ಣು ತರಚಲಿಲ್ಲ, ಅದಕ್ಕೆ ಒಳಗೊಳಗೇ ಹೆಮ್ಮೆಪಟ್ಟೆ. ಮೂರು ಸಲದ ಬದಲು ಐದು ಸಲ ತುಂಬಿ ಬಿಟ್ಟೆ. ಎರಡನೆಯ ಭಾನುವಾರ ಯಾರ್ಡಿನಲ್ಲಿ ಆರೇ ಸುತ್ತಿಗೆ ರೈಡರ್ ತಾನಾಗಿಯೇ ಬೈಕ್ ನಿಲ್ಲಿಸಿದ. ಮತ್ತೆ ಮೂವತ್ತಾರು.

ಮೇಸ್ತ್ರಿ ಒಂದು ಬೀಡಿ ಸೇದಿ ಮುಗಿಸಿದರು. ಆಮೇಲೆ ಹೇಳಿದರು:

"ತಂಗಿ, ಬೇಜಾರ್ ಮಾಡ್ಕೋಬೇಡ. ರೇಸಿಗೆ ಮಾಮೂಲಿ ಗಾಳೀನೇ ಹಾಕ್ಕೊಂಡು, ಒತ್ತಡ ಕಮ್ಮಿ ಇಟ್ಟು, ಸ್ವಲ್ಪ ಮೆಲ್ಲಗೆ ಹೋಗ್ಲಿ ಇವ್ನು. ಅದು ನಿಮ್ ಯಜಮಾನನ ಕೈಗುಣ. ಅವನ ಜೊತೆ ಹೋಯ್ತು."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಮಾತು ನನ್ನನ್ನು ಕೂರಲು ಬಿಡಲಿಲ್ಲ. ಕೈಗುಣವಾದರೆ ಅದು ಆ ಕೈಗಳ ಜೊತೆಗೇ ಮಣ್ಣಾಯಿತು. ಕೆಲಸವಾದರೆ ಹಾಗಲ್ಲ. ಕೆಲಸ ಎಲ್ಲೋ ಇರಬೇಕು, ಹುಡುಕಿದರೆ ಸಿಗಬೇಕು. ಅವರ ಬಟ್ಟೆ ಕೊಟ್ಟಾಗಿತ್ತು, ಚಪ್ಪಲಿ ಬಿಸಾಕಿ ಆಗಿತ್ತು. ಈ ಕೆಲಸವೂ ಹೋದರೆ ಅಂಗಡಿಯಲ್ಲಿ ನಾನು ಮತ್ತು ಕಲ್ಲು ಇಬ್ಬರೇ.

ರೇಸಿಗೆ ಒಂದು ವಾರ ಉಳಿದಿತ್ತು. ಬುಧವಾರ ಬೆಳಿಗ್ಗೆ ಗೋಡೆಯ ಎದುರು ನಿಂತೆ. ಯಜಮಾನರು ತುಂಬಿದ್ದ ಹಿಂದಿನ ಚಕ್ರವನ್ನು ಕೊಕ್ಕೆಯಿಂದ ಇಳಿಸಿದೆ. ಗೇಜ್ ಹಚ್ಚಿದೆ. ಚುಸ್. ಇಪ್ಪತ್ನಾಲ್ಕು. ಎಂಟು ತಿಂಗಳಲ್ಲಿ ನಾಲ್ಕು ಪಾಯಿಂಟ್ ಹೋಗಿತ್ತು. ನೈಟ್ರೋಜನ್ ಕೂಡ ರಬ್ಬರಿನ ಮೂಲಕ ನಿಧಾನವಾಗಿ ಸೋರುತ್ತದೆ, ನಾನು ಮುಟ್ಟದೆ ಕಾಪಾಡುತ್ತಿದ್ದೇನೆ ಎಂದುಕೊಂಡದ್ದು ದಿನವೂ ಹೋಗುತ್ತಲೇ ಇತ್ತು. ಅದಕ್ಕೆ ನನ್ನ ಗ್ಯಾಸ್ ಸೇರಿಸಲು ಮನಸ್ಸು ಬರಲಿಲ್ಲ. ಬದಲಿಗೆ ನಾನು ತುಂಬಿ ಯಾರ್ಡಿನಿಂದ ವಾಪಸ್ ತಂದಿದ್ದ ಹಿಂದಿನ ಚಕ್ರವನ್ನು ಇಪ್ಪತ್ನಾಲ್ಕಕ್ಕೆ ಇಳಿಸಿದೆ. ಬಿಸಿಲೇರಿದ ಮೇಲೆ ಎರಡನ್ನೂ ತಾರಸಿಗೆ ಹೊತ್ತುಕೊಂಡು ಹೋಗಿ ಉರಿಬಿಸಿಲಿನಲ್ಲಿ ಪಕ್ಕಪಕ್ಕದಲ್ಲಿ ಮಲಗಿಸಿದೆ.

ಎರಡು ಗಂಟೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತಿದ್ದೆ. ಮಧ್ಯಾಹ್ನ ಎರಡೂವರೆಗೆ ಟೈರ್ ಮುಟ್ಟಿದರೆ ಬೆರಳು ಚುರ್ ಎನ್ನುತ್ತಿತ್ತು. ಅವರದು ಇಪ್ಪತ್ತೆಂಟು. ನನ್ನದು ಮೂವತ್ತು ದಾಟಿತ್ತು.

ಅಂದರೆ ಕೈಗುಣ ಅಲ್ಲ. ಸಿಲಿಂಡರೂ ಅಲ್ಲ, ಗೇಜೂ ಅಲ್ಲ, ಟ್ರ್ಯಾಕೂ ಅಲ್ಲ. ಅವರ ಟೈರಿನ ಒಳಗೆ ಏನೋ ಬೇರೆ ಇತ್ತು, ಅಥವಾ ನನ್ನದರ ಒಳಗೆ. ಅದನ್ನು ತಿಳಿಯಲು ಒಂದೇ ದಾರಿ. ಅವರದನ್ನು ಬಿಚ್ಚಬೇಕು. ಬಿಚ್ಚಿದರೆ ಅವರು ತುಂಬಿದ್ದು ಮತ್ತೆ ಸಿಗುವುದಿಲ್ಲ.

ರೈಡರನ ಮೊಣಕೈ ಕಣ್ಣಿಗೆ ಬಂತು. ಬಿಚ್ಚಬೇಕು ಎಂದು ಅಲ್ಲಿಯೇ ತೀರ್ಮಾನಿಸಿದೆ. ಮೇಸ್ತ್ರಿಗೂ ರೈಡರನಿಗೂ ಫೋನ್ ಮಾಡಿದೆ. ನಾಲ್ಕು ಗಂಟೆಗೆ ಇಬ್ಬರೂ ಬಂದರು.

ವಾಲ್ವಿನ ಪಿನ್ ಬಿಚ್ಚಿ ನೆಲದ ಮೇಲಿಟ್ಟು ನಾನು ಅಡುಗೆಮನೆಗೆ ಹೋದೆ. ಸದ್ದು ಅಲ್ಲಿಗೂ ಕೇಳಿಸುತ್ತಿತ್ತು. ನಲ್ಲಿ ತಿರುಗಿಸಿ ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆದೆ. ನಲ್ಲಿ ನಿಲ್ಲಿಸಿದಾಗ ಸದ್ದು ಇರಲಿಲ್ಲ.

ಮೇಸ್ತ್ರಿ ಅಂಟುವಾಳದ ಮಗ್ ಕೈಗೆತ್ತಿಕೊಂಡಿದ್ದರು. ಟೈರ್ ಬಿಚ್ಚುವಾಗಲೂ ಅಂಚಿಗೆ ನೀರು ಹಾಕುವುದು ರೂಢಿ.

"ಬೇಡ. ಹಾಗೇ ಬಿಚ್ಚೋಣ. ಅವರು ಹೆಂಗೆ ಮುಚ್ಚಿದ್ರೋ ಹಂಗೇ ನೋಡ್ಬೇಕು" ಎಂದೆ.

ಒಣ ಅಂಚು ಸುಲಭಕ್ಕೆ ಬಿಡಲಿಲ್ಲ. ಮೇಸ್ತ್ರಿ ಒತ್ತಿ ಹಿಡಿದರು, ನಾನು ಲಿವರ್ ಹಾಕಿದೆ. ಮೂರನೆಯ ಸಲ ಲಿವರ್ ಜಾರಿ ನನ್ನ ಗಿಣ್ಣು ತರಚಿತು. ಆಗಲೇ ನನಗೆ ಏನೋ ಹೊಳೆಯಿತು, ಏನೆಂದು ಹೇಳಲು ಬರುತ್ತಿರಲಿಲ್ಲ.

ಟೈರ್ ತೆರೆದುಕೊಂಡಿತು. ಒಳಗೆ ಒಣಗಿತ್ತು. ಬೆರಳು ಆಡಿಸಿದರೆ ಧೂಳೂ ಹತ್ತಲಿಲ್ಲ. ರಿಮ್ಮಿನ ಒಳಗೆ, ವಾಲ್ವಿನ ರಬ್ಬರ್ ಬುಡಕ್ಕೆ, ಒಂದು ಗೇಣುದ್ದದ ನೂಲು ಸಿಕ್ಕಿಹಾಕಿಕೊಂಡಿತ್ತು. ಅರಿಸಿನ ಬಣ್ಣದ ಹತ್ತಿ ನೂಲು. ಅದು ನನ್ನ ಹಳೆಯ ಸೀರೆಯದು. ಕೈ ಒರೆಸಿಕೊಳ್ಳಲು ಬೇಕು ಎಂದು ಅವರು ನನ್ನಿಂದ ಕೇಳಿ ಪಡೆದಿದ್ದ ಸೀರೆ. ಕೈ ಒರೆಸಲು ಅಂಗಡಿಯಲ್ಲಿ ಬನಿಯನ್ ಬಟ್ಟೆ ಬೇಕಾದಷ್ಟಿತ್ತು.

"ಈಗ ನಂದು ಬಿಚ್ಚಿ" ಎಂದೆ.

ನನ್ನ ಟೈರಿನ ಒಳಗಿಂದ ಅಂಟುವಾಳದ ವಾಸನೆ ಬಂತು. ಬಗ್ಗಿಸಿದಾಗ ಕಂದು ನೀರು ಒಂದು ಬದಿಗೆ ಹರಿದು ನಿಂತಿತು. ಒಂದು ಚಮಚ ಇರಬಹುದು, ಹೆಚ್ಚಿಲ್ಲ.

ರೈಡರ್ ಹಣೆ ಒತ್ತಿಕೊಂಡ. "ಥೂ! ದಿನಾ ಮಣ್ಣಲ್ಲಿ ತೇವ ಎಷ್ಟಿದೆ ಅಂತ ಅಳೆಯೋನು ನಾನು. ನಂಗೇ ಹೊಳೀಲಿಲ್ವಲ್ಲ ಅಕ್ಕ. ಟೈರ್ ಕಾದ್ರೆ ಈ ನೀರು ಆವಿ ಆಗುತ್ತೆ, ಆ ಆವಿಗೆ ಒಳಗೇ ಜಾಗ ಬೇಕು. ಎಷ್ಟು ಒಳ್ಳೇ ನೈಟ್ರೋಜನ್ ಹಾಕಿದ್ರೂ ಅಷ್ಟೆ. ಐದಲ್ಲ, ಐವತ್ತು ಸಲ ಬಿಟ್ರೂ ಈ ನೀರು ವಾಲ್ವಲ್ಲಿ ಬರಲ್ಲ."

ಮೇಸ್ತ್ರಿ ಮಗ್ಗನ್ನು ಕೆಳಗಿಟ್ಟರು. ಅವರ ಮುಖ ನೋಡಿ ಕೇಳಿದೆ, "ನಿಮಗೆ ಗೊತ್ತಿತ್ತಾ?"

"ಇಲ್ಲ ತಂಗಿ, ದೇವರಾಣೆ. ನನ್ನ ಮುಂದೆ ಯಾವತ್ತೂ ಟೈರ್ ಹಾಕಿದೋನಲ್ಲ ಅವ್ನು."

ರೇಸಿನ ಟೈರಿನ ಎರಡನೆಯ ಬದಿಯನ್ನು ನನ್ನ ಮುಂದೆಯೂ ಹಾಕಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ನನ್ನನ್ನು ಕಾಫಿಗೆ ಕಳಿಸುತ್ತಿದ್ದರು. ನಾನು ಬಳಿದ ನೀರನ್ನು ನಾನು ಒಳಗೆ ಹೋದ ಮೇಲೆ ನನ್ನದೇ ಸೀರೆಯಿಂದ ಒರೆಸಿ ತೆಗೆದು, ಒಣ ಅಂಚನ್ನು ಬರಿಗೈ ಬಲದಿಂದ ಏರಿಸಿ, ಗಿಣ್ಣು ತರಚಿಕೊಂಡು, ನನ್ನ ಬೈಗುಳ ಕೇಳಿ ಕಾಫಿ ಕುಡಿಯುತ್ತಿದ್ದರು. ಅವರ ಕೈ ವಾಸಿ ಮಾಡಿದ ನೀರು ರೇಸಿನ ಟೈರಿಗೆ ಆಗುವುದಿಲ್ಲ ಎಂದು ಹೇಳಲು ಅವರಿಗೆ ಬಾಯಿ ಬಂದಿರಲಿಲ್ಲ. ಎಷ್ಟು ವರ್ಷ!

ಅಳು ಬರಲಿಲ್ಲ. ಸಿಟ್ಟು ಬಂತು. ಹೇಳಬಹುದಿತ್ತು. ಎರಡು ದಿನ ಮುಖ ಊದಿಸಿಕೊಂಡಿರುತ್ತಿದ್ದೆ, ಅಷ್ಟೆ. ಹೇಳಿದ್ದರೆ ಆ ರೈಡರನ ಕೈ ಸುಲಿಯುತ್ತಿರಲಿಲ್ಲ. ಸಿಟ್ಟು ಮಾಡಿಕೊಳ್ಳಲು ಎದುರಿಗೆ ಅವರು ಇರಲಿಲ್ಲ. ಅಷ್ಟು ತಿಂಗಳಲ್ಲಿ ಅವರಿಲ್ಲ ಎನ್ನುವುದು ಆ ಸಂಜೆ ತಿಳಿದಷ್ಟು ಸ್ಪಷ್ಟವಾಗಿ ಬೇರೆ ಯಾವತ್ತೂ ತಿಳಿದಿರಲಿಲ್ಲ.

ಗುರುವಾರ ಅವರ ಹಿಂದಿನ ಟೈರನ್ನು ನಾನೇ ಮತ್ತೆ ಹಾಕಿದೆ. ಟ್ರಂಕಿನಿಂದ ಒಂದು ಹಳೆಯ ಹತ್ತಿ ಸೀರೆ ತೆಗೆದು ಹರಿದೆ. ಬ್ರಷ್ ಮುಟ್ಟಲಿಲ್ಲ. ಬಟ್ಟೆಯ ತುದಿಯನ್ನು ಮಾತ್ರ ಒದ್ದೆ ಮಾಡಿ, ಹಿಂಡಿ, ಅಂಚಿಗೆ ಸವರಿ, ಉಳಿದ ಒಣ ಬಟ್ಟೆಯಿಂದ ಒಳಗೆಲ್ಲ ಒರೆಸಿದೆ. ಎರಡನೆಯ ಬದಿ ಏರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಕಲ್ಲು ಎರಡು ಸಲ ಜಾರಿತು. ನಡುವೆ ಒಮ್ಮೆ ಕೈ ಚೆಲ್ಲಿ ಕೂತು, ಅವರು ಒಬ್ಬರೇ ಇದನ್ನು ಹೇಗೆ ಒಂದು ಕಾಫಿ ಕಾಯುವಷ್ಟರಲ್ಲಿ ಮುಗಿಸುತ್ತಿದ್ದರು ಎಂದು ಯೋಚಿಸಿದೆ. ಕೊನೆಗೆ ಟಪ್ ಎಂದು ಕೂತಿತು. ಮೂರು ಸಲ ತುಂಬಿ ಬಿಟ್ಟು, ಇಪ್ಪತ್ತೆಂಟಕ್ಕೆ ನಿಲ್ಲಿಸಿ, ತಾರಸಿಯ ಬಿಸಿಲಿಗಿಟ್ಟೆ. ಮೂವತ್ತೆರಡೂವರೆ. ಅಳಿಸಿಹೋಗಿದ್ದ ೨೮ನ್ನು ನಾನೇ ಮತ್ತೆ ಬರೆದೆ. ನನ್ನ ಎಂಟು ಅವರ ಎಂಟಿನ ಹಾಗೆ ಬರಲಿಲ್ಲ.

ಮುಂದಿನ ಚಕ್ರ ಇನ್ನೂ ಗೋಡೆಯ ಮೇಲಿತ್ತು. ನನ್ನ ಮುಂದಿನ ಟೈರನ್ನೂ ಬಿಚ್ಚಿ ಒಣಗಿಸಿ ಹಾಕಲು ಸಮಯವಿತ್ತು. ಆದರೆ ಒರೆಸಿದವರು ಯಾರು ಎಂದು ಗೊತ್ತಿರುವ ಟೈರು ಅಲ್ಲಿಯೇ ಇರುವಾಗ ಬೇರೆ ಏಕೆ? ಇಳಿಸಿ ಗೇಜ್ ಹಚ್ಚಿದೆ. ಇಪ್ಪತ್ತೆರಡೂವರೆ. ಈ ಸಲ ನನ್ನ ಪೈಪ್ ಹಚ್ಚಿ ಮೂರೂವರೆ ಪಾಯಿಂಟ್ ಸೇರಿಸಿದೆ. ಅವರದರ ಮೇಲೆ ನನ್ನದು.

ಶನಿವಾರ ರೈಡರ್ ಚಕ್ರ ಒಯ್ಯಲು ಬಂದಾಗ ಗೋಡೆಯ ಎರಡೂ ಕೊಕ್ಕೆ ಖಾಲಿ ಇದ್ದದ್ದು ನೋಡಿದ.

"ಬಿಸಿಲಲ್ಲಿ ಸರಿ ಬಂದಿದೆ. ಟ್ರ್ಯಾಕಲ್ಲಿ ಹೆಂಗೋ ಗೊತ್ತಿಲ್ಲ. ಭಯ ಇದ್ರೆ ಮೇಸ್ತ್ರಿ ಹೇಳಿದಂಗೆ ಮಾಮೂಲಿ ಗಾಳಿ ಹಾಕ್ಕೋ" ಎಂದೆ.

"ಮೇಸ್ತ್ರಿ ಈಗ ಹಂಗೆ ಹೇಳ್ತಿಲ್ಲ ಅಕ್ಕ. ತಂಗಿ ತುಂಬಿದ್ರೆ ಹಾಕ್ಕೊಂಡು ಹೋಗು, ಬಿದ್ರೆ ನಾನೇ ಎತ್ತುತೀನಿ ಅಂತಿದಾರೆ."

ಭಾನುವಾರ ಹನ್ನೆರಡು ಸುತ್ತಿನ ರೇಸು. ಹದಿನಾರು ಬೈಕುಗಳು. ನಾನು ಮರಳಿನ ಚೀಲಗಳ ಹಿಂದೆ, ಅವನು ಬಿದ್ದಿದ್ದ ಎಡ ತಿರುವಿನ ಹತ್ತಿರ ನಿಂತಿದ್ದೆ. ಯಾರು ಮುಂದೆ ಯಾರು ಹಿಂದೆ ಎಂದು ನನಗೆ ತಿಳಿಯುತ್ತಿರಲಿಲ್ಲ. ಅವನ ಹಿಂದಿನ ಚಕ್ರ ಒಂದನ್ನೇ ನೋಡುತ್ತಿದ್ದೆ. ಏಳನೆಯ ಸುತ್ತು ಬಂತು. ಬೈಕ್ ವಾಲಿತು, ಮೊಣಕಾಲು ನೆಲಕ್ಕೆ ಸೋಕುವಷ್ಟು ವಾಲಿತು, ಚಕ್ರ ಗೆರೆ ಎಳೆದಂತೆ ಹೋಯಿತು. ಎಂಟು. ಒಂಬತ್ತು. ಹತ್ತನೆಯ ಸುತ್ತಿನ ಹೊತ್ತಿಗೆ ನನ್ನ ಕೈಯಲ್ಲಿದ್ದ ಗೇಜ್ ಬೆವರಿನಿಂದ ಜಾರುತ್ತಿತ್ತು. ಅವನು ನಾಲ್ಕನೆಯವನಾಗಿ ಬಂದ. ಬಂದವನು ಹೆಲ್ಮೆಟ್ ತೆಗೆಯುವ ಮೊದಲೇ ಕೈಯಿಂದ ಸನ್ನೆ ಮಾಡಿದ, ಮೊದಲು ಅಳೆಯಿರಿ ಎಂದು.

ಹಿಂದೆ ಮೂವತ್ತಮೂರು. ಮುಂದೆ ಮೂವತ್ತೊಂದು. ಎರಡೂ ಐದೇ ಪಾಯಿಂಟ್ ಏರಿದ್ದವು. ಒಂದು ಅವರು ಒರೆಸಿದ್ದು, ಒಂದು ನಾನು. ಗೇಜಿಗೆ ವ್ಯತ್ಯಾಸ ತಿಳಿಯಲಿಲ್ಲ.

ಮೇಸ್ತ್ರಿ ಬಗ್ಗಿ ಗೇಜ್ ನೋಡಿದರು. "ಕೈಗುಣ ಅಂದಿದ್ನಲ್ಲ ನಾನು" ಎಂದರು. "ತಪ್ಪಾಯ್ತು ಮಾರಾಯ್ತಿ."

ಬೈಕನ್ನು ಟೆಂಪೋಗೆ ಏರಿಸುವ ಮೊದಲು ಎರಡೂ ಟೈರಿನ ಒತ್ತಡ ಬಿಡುವುದು ಮೇಸ್ತ್ರಿಯ ಪದ್ಧತಿ. ಬಿಸಿ ಟೈರನ್ನು ತುಂಬಿದಂತೆಯೇ ಬಿಸಿಲಲ್ಲಿ ಸಾಗಿಸುವುದು ಅವರಿಗೆ ಆಗದು. ಹಿಂದಿನದನ್ನು ಬಿಟ್ಟರು. ಮುಂದಿನ ವಾಲ್ವಿನ ಕ್ಯಾಪ್ ತಿರುಗಿಸಿದವರು ತಡೆದರು. ಏನೋ ನೆನಪಾದಂತೆ ಕ್ಯಾಪನ್ನು ನನ್ನ ಕೈಗಿಟ್ಟು, ಹಗ್ಗ ತರುವ ನೆಪದಲ್ಲಿ ಟೆಂಪೋದ ಆಚೆ ಬದಿಗೆ ಹೋದರು. ರೈಡರ್ ಬೇರೆಯವರ ಜೊತೆ ಮಾತಾಡುತ್ತಿದ್ದ.

ನಾನು ನೆಲದ ಮೇಲೆ ಕೂತು ಪಿನ್ನನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿದೆ. ಟೈರ್ ಕಾದಿತ್ತು, ಹೊರಗೆ ಬಂದದ್ದು ಬೆಚ್ಚಗಿತ್ತು. ಅದರಲ್ಲಿ ಎಷ್ಟು ಅವರದು, ಎಷ್ಟು ನನ್ನದು ಎಂದು ಬೇರೆ ಮಾಡಲು ಆಗುವುದಿಲ್ಲ. ಈ ಸಲ ನಾನು ಎಲ್ಲಿಗೂ ಎದ್ದು ಹೋಗಲಿಲ್ಲ. ಸದ್ದು ಸಣ್ಣಗಾಗಿ, ಇನ್ನೂ ಸಣ್ಣಗಾಗಿ, ನಿಂತ ಮೇಲೂ ಸ್ವಲ್ಪ ಹೊತ್ತು ಬೆರಳು ಅಲ್ಲೇ ಇಟ್ಟಿದ್ದೆ. ಆಮೇಲೆ ಕ್ಯಾಪ್ ಹಾಕಿ ಬಿಗಿ ಮಾಡಿದೆ.